ಡಬಲ್ ಪಾಯಿಂಟಿನ ಸೂಟ್‌ಕೇಸು

ಕಿರಂಗೂರು, ಸೋಮವಾರ

ಚಲುವರಾಜಣ್ಣನಿಗೆ ಹೇಮಶ್ರೀ ಬರೆಯುವುದು.

ಅವ್ವನ ಮಂಡಿ ಆಪರೇಷನ್ನಿಗೆ ಗೊತ್ತಾಗಿದ್ದ ದಿನವನ್ನು ನೀನೇ ಎರಡು ತಿಂಗಳು ಮುಂದಕ್ಕೆ ಹಾಕಿಸಿದೆ. ಡಾಕ್ಟರು ರಜೆಯಲ್ಲಿದ್ದಾರೆ ಎಂದೆ. ಆಸ್ಪತ್ರೆಯ ಬಿಲ್ಲು ಕಟ್ಟಿದರೆ ನಿನ್ನ ಕ್ರೆಡಿಟ್ ಕಾರ್ಡಿಗೆ ಡಬಲ್ ಪಾಯಿಂಟ್ ಸಿಗುವ ತಿಂಗಳಿಗೆ ಕಾಯುತ್ತಿದ್ದೆಯೆಂದು ಮೊನ್ನೆ ಅತ್ತಿಗೆಯ ಬಾಯಿಂದ ಗೊತ್ತಾಯಿತು. ಅದನ್ನು ಕೇಳಿಯೂ ಅವ್ವ, "ಅವ್ನೇನೋ ಒಳ್ಳೇದ್ಕೇ ಮಾಡಿರ್ತಾನೆ, ಬುಡವ್ವ" ಅಂದಳು. ನಾನು ಬಿಡುವುದಿಲ್ಲ.

ಆ ಪಾಯಿಂಟಿಗೆ ಬಿಟ್ಟಿ ಬಂದ ಸೂಟ್‌ಕೇಸನ್ನು ಅವ್ವನಿಗೆಂದು ಕಳಿಸಿದ್ದೀಯಲ್ಲ, ಅದನ್ನು ವಾಪಸ್ ಕಳಿಸುತ್ತಿದ್ದೇನೆ. ಅತ್ತಿಗೆಯ ಎದುರಿಗೆ ನೀನೇ ತೆಗೆದು ನೋಡು. ಆ ಎರಡು ತಿಂಗಳು ನಿಲ್ಲಲಾರದ ಅವ್ವ ಬಚ್ಚಲಿಗೆ ಕೂತುಕೊಂಡೇ ತೆವಳಿದ್ದಕ್ಕೆ ಹಿಂಬದಿ ಸವೆದು ಹರಿದ ಸೀರೆಗಳು ಅದರೊಳಗಿವೆ. ಒಗೆದಿಲ್ಲ.

ಅವ್ವನ ಮಗಳು,
ಹೇಮಶ್ರೀ