ಗುಡ್ಡದ ಕಡೆಗೆ ತಿರುಗಿಸಿದ ಹಾರ್ನ್

ಮಣಿಪಾಲ, ಹಾಸ್ಟೆಲ್
ಜನವರಿ 1964, ಭಾನುವಾರ

ಪ್ರೀತಿಯ ಬಾಯ್,

ಲಕೋಟೆಯ ಮೇಲೆ ಸಿಸ್ಟರ್ ವೆರೋನಿಕಾ ಎಂದೇ ಬರೆದಿದ್ದೇನೆ. ಒಳಗೆ ಆ ಹೆಸರು ಬರೆಯಲು ಕೈ ಬರುವುದಿಲ್ಲ. ನನಗೆ ನೀನು ಇಮೆಲ್ಡಾ ಬಾಯ್, ಕಾಪುವಿನ ಮನೆಯಲ್ಲಿ ನನ್ನ ತಲೆಗೆ ಎಣ್ಣೆ ತಟ್ಟಿ ಬಾಚುತ್ತಿದ್ದ ಅಕ್ಕ. ಇದನ್ನು ಕೊಂಕಣಿಯಲ್ಲಿ ಬರೆಯಬೇಕಿತ್ತು. ಆದರೆ ಮಠಕ್ಕೆ ಬರುವ ಪತ್ರಗಳನ್ನು ಮೊದಲು ಮದರ್ ಓದುತ್ತಾರೆ, ಅವರಿಗೆ ಕೊಂಕಣಿ ಬಾರದು, ಕನ್ನಡ ಬರುತ್ತದೆ ಎಂದು ನೀನೇ ಹೇಳಿದ್ದೆ. ಮದರ್, ನಮಸ್ಕಾರ. ಇದರಲ್ಲಿ ಗುಟ್ಟಿನ ಸಂಗತಿ ಏನೂ ಇಲ್ಲ. ಸ್ವಲ್ಪ ಗದ್ದಲದ ಸಂಗತಿ ಉಂಟು.

ಅಕ್ಟೋಬರಿನಲ್ಲಿ ನಿನ್ನನ್ನು ನೋಡಲು ಬಂದಿದ್ದೆನಲ್ಲ. ನೋಡಲು ಎಂದು ಅಭ್ಯಾಸದಿಂದ ಬರೆದೆ. ಕಬ್ಬಿಣದ ಜಾಲರಿ, ಅದರ ಹಿಂದೆ ಕಪ್ಪು ಪರದೆ, ಪರದೆಯ ಹಿಂದೆ ನಿನ್ನ ಸ್ವರ. "ಊಟ ಸೇರುತ್ತದಾ ಸ್ಟ್ಯಾನಿ? ಹುಡುಗರು ತುಂಬಾ ತಮಾಷೆ ಮಾಡುತ್ತಾರಾ?" ಎಂದು ಕೇಳಿದೆ. ನಾನು ಎಲ್ಲ ಫಸ್ಟ್ ಕ್ಲಾಸ್ ಎಂದೆ. ಈ ವರ್ಷ ಗಂಟೆ ಬಾರಿಸುವ ಕೆಲಸ ನಿನಗೆ ಬಂದಿದೆ, ಹಗ್ಗ ಎಳೆದು ಅಂಗೈ ದಡ್ಡುಗಟ್ಟಿದೆ ಎಂದು ನೀನು ನಕ್ಕೆ. ಆಮೇಲೆ, "ಪಪ್ಪಾನ ಮುಖ ನೆನಪುಂಟು. ಗಿಟಾರಿನ ಸ್ವರ ಹೋಗಿಬಿಟ್ಟಿತು ಸ್ಟ್ಯಾನಿ. ಎಷ್ಟು ಹುಡುಕಿದರೂ ಸಿಗುವುದಿಲ್ಲ" ಎಂದೆ. ಅಷ್ಟರಲ್ಲಿ ಸಮಯ ಮುಗಿಯಿತು. ಪರದೆಯ ಆಚೆ ಕುರ್ಚಿ ಸರಿದದ್ದು ಕೇಳಿಸಿತು.

ಬಜಗೋಳಿಯಿಂದ ಬಸ್ಸಿನಲ್ಲಿ ಬರುವಾಗ ಅದೊಂದೇ ಮಾತು ತಲೆಯಲ್ಲಿತ್ತು. ಅಮ್ಮ ನನಗೆ ನೆನಪೇ ಇಲ್ಲ. ಪಪ್ಪಾ ಹೋದ ಮೇಲೆ ನಾನು ಬೋರ್ಡಿಂಗ್ ಶಾಲೆಗೆ, ನೀನು ಮಠಕ್ಕೆ. ಮನೆಯಿಂದ ಉಳಿದದ್ದು ಆ ಗಿಟಾರ್ ಒಂದೇ. ಅದು ನನ್ನ ಮಂಚದ ಕೆಳಗೆ ಉಂಟು. ಇಲ್ಲಿಯ ಹುಡುಗರು ಅದನ್ನು ಬಾಲ್ದಿ ಎನ್ನುತ್ತಾರೆ. "ಏ ಸ್ಟ್ಯಾನಿಸ್ಲಾಸ್, ನಿನ್ನ ಬಾಲ್ದಿಯಲ್ಲಿ ನೀರು ತುಂಬಿಸಿಡು ಮಾರಾಯ, ನಾಳೆ ನಲ್ಲಿ ಬರುವುದಿಲ್ಲ" ಎಂದು ಸೀನಿಯರುಗಳು ನಗುತ್ತಾರೆ. ನಾನೂ ನಗುತ್ತೇನೆ. ನಗದಿದ್ದರೆ ಇನ್ನೂ ಕಷ್ಟ. ಉಕ್ಕಿನ ಮೈ, ಹೊಟ್ಟೆಯೊಳಗೆ ಅಲ್ಯೂಮಿನಿಯಮ್ಮಿನ ತೆಳ್ಳಗಿನ ತಟ್ಟೆ, ಮೇಲೆ ತೂತು ತೂತಿನ ಮುಚ್ಚಳ: ಅವರಿಗೆ ಬೇರೆ ಎಂತ ಕಾಣಬೇಕು!

ತಾವು ನುಡಿಸುತ್ತಿದ್ದ ಮುಂಬಯಿಯ ಹೋಟೆಲಿನ ಬ್ಯಾಂಡಿನಲ್ಲಿ ಮೈಕಿಲ್ಲದೆ, ಡ್ರಮ್ಮು ತುತ್ತೂರಿಗಳ ನಡುವೆ ಕೇಳಿಸಬೇಕೆಂದೇ ಅಂಥ ಗಿಟಾರ್ ಎಂದು ಪಪ್ಪಾ ಹೇಳುತ್ತಿದ್ದರು. ಸಂಜೆ ಜಗಲಿಯಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ, ತಾವೇ ಕಟ್ಟಿದ ಆ ಹೆಸರಿಲ್ಲದ ಟ್ಯೂನ್ ನುಡಿಸುತ್ತಿದ್ದರು. ಒಮ್ಮೆ ಅವರು ಮುಚ್ಚಳ ತೆಗೆದು ಒರೆಸುವಾಗ ನೀನು ತಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದೆ, ಅದು ತಗ್ಗಿತು. ಅಂದಿನಿಂದ ದಪ್ಪ ತಂತಿ ಮೀಟಿದರೆ ಸಣ್ಣಗೆ ಜಿರ್ರ್ ಎನ್ನುತ್ತದೆ. ನೀನು ಅಳುತ್ತಿದ್ದೆ. ಪಪ್ಪಾ, "ಅಳಬೇಡ ಪುತ್ತಾ, ಇನ್ನು ಇದನ್ನು ಯಾರು ಕದ್ದರೂ ನಮಗೆ ಸ್ವರದಲ್ಲೇ ಗೊತ್ತಾಗುತ್ತದೆ" ಎಂದಿದ್ದರು.

ಕ್ರಿಸ್ಮಸ್ಸಿಗೆ ಲಿಗೋರಿ ಮಾಮನ ಕಾಗದ ಬಂತು. ಮಗಳು ಆಂಜೆಲಾಳ ಮದುವೆ, ಊಟ ಬಜಗೋಳಿಯ ಮನೆಯಲ್ಲೇ, ಚಪ್ಪರದಲ್ಲಿ ನಾನು ಗಿಟಾರ್ ನುಡಿಸಬೇಕು ಎಂದು. ಮಾಮನ ಮನೆ ನಿಮ್ಮ ಮಠದ ಗುಡ್ಡದ ಬುಡದಲ್ಲೇ ಅಲ್ವಾ! ಮೈಕ್ ಸೆಟ್ಟು ಬರುತ್ತದೆ ಎಂದು ಓದಿದಾಗ ನನ್ನ ಎದೆ ಹೇಗೆ ಹೊಡೆದುಕೊಂಡಿತು ಎಂದರೆ, ಗಣಿತದ ಪರೀಕ್ಷೆಗೂ ಹಾಗೆ ಹೊಡೆದುಕೊಂಡಿರಲಿಲ್ಲ.

ನನ್ನ ರೂಮ್‌ಮೇಟ್ ಗುಣಪಾಲ ಕಾರ್ಕಳದವನು, ರೇಡಿಯೋ ಬಿಚ್ಚುವ ಹುಚ್ಚಿನವನು. ಗಿಟಾರಿನ ಸ್ವರ ನಿನ್ನ ತನಕ ಮುಟ್ಟಿಸಬೇಕು ಎಂದು ಅವನಿಗೆ ಮಾತ್ರ ಹೇಳಿದೆ. ಹಳೆಯ ಮಿಲಿಟರಿ ಹೆಡ್‌ಫೋನಿನಿಂದ ಸುರುಳಿಯನ್ನೂ ಅಯಸ್ಕಾಂತವನ್ನೂ ತೆಗೆದು, ತಂತಿಗಳ ಕೆಳಗೆ ಪ್ಲಾಸ್ಟರ್ ಹಾಕಿ ಅಂಟಿಸಿ, ತಂತಿಯ ನಡುಕವನ್ನು ನೇರವಾಗಿ ಹಿಡಿಯುವ ಪಿಕಪ್ ಮಾಡಿಕೊಟ್ಟ. ತನ್ನ ರೇಡಿಯೋಕ್ಕೆ ಸಿಕ್ಕಿಸಿ ನುಡಿಸು ಎಂದ. ಅಬ್ಬಾ, ಕಾರಿಡಾರೇ ತುಂಬಿತು. ಬಾಲ್ದಿ ಎಂದವರು ಬಾಗಿಲಿಗೆ ಬಂದು ನಿಂತರು. ಒಬ್ಬ "ವನ್ಸ್ ಮೋರ್" ಎಂದ. ಈ ಹಾಸ್ಟೆಲಿಗೆ ಬಂದ ಮೇಲೆ ನನ್ನ ಬಾಗಿಲಲ್ಲಿ ಅಷ್ಟು ಜನ ನಿಂತದ್ದು ಅದೇ ಮೊದಲು.

ಅವರು ಹೋದ ಮೇಲೆ ದಪ್ಪ ತಂತಿ ಮೀಟಿ ಕಿವಿಗೊಟ್ಟೆ. ಜಿರ್ರ್ ಇರಲಿಲ್ಲ. ಪಿಕಪ್ಪಿಗೆ ತಂತಿ ಮಾತ್ರ ಗೊತ್ತು, ತಟ್ಟೆ ಗೊತ್ತಿಲ್ಲ. ರೇಡಿಯೋದಲ್ಲಿ ಬರುವ ಯಾರದೋ ಗಿಟಾರಿನ ಹಾಗಿತ್ತು. ನೀನು ಕೇಳಿದ್ದರೆ ಮದುವೆಮನೆಯಲ್ಲಿ ರೆಕಾರ್ಡ್ ಹಾಕಿದ್ದಾರೆ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಮದುವೆಯ ದಿನ ಪಿಕಪ್ ಬಿಚ್ಚಿ, ಮುಚ್ಚಳದ ಹತ್ತಿರ ಮೈಕ್ ಇಡಿಸಿದೆ. ಜೊತೆಗೆ ಬಂದಿದ್ದ ಗುಣಪಾಲ ಮುಖ ಊದಿಸಿಕೊಂಡ. "ನಾನು ರಾತ್ರಿ ಹಗಲು ಕೂತು ಮಾಡಿದ್ದು, ನೀನು ಮತ್ತೆ ಮೈಕ್ ಅಂತಿಯಲ್ಲ ಮಾರಾಯ! ಅದು ಕಿರುಚುತ್ತದೆ ನೋಡು!" ಅವನು ಹೆದರಿದ ಹಾಗೆಯೇ ಆಯಿತು. ಮೊದಲ ಸ್ವರಕ್ಕೇ ಹಲಸಿನ ಮರಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರಿನ ಹಾರ್ನು ಕೂಂಯ್ ಎಂದು ಕಿರುಚಿತು. ಹಾರ್ನಿನ ಸದ್ದು ಮೈಕಿಗೆ, ಮೈಕಿನದ್ದು ಮತ್ತೆ ಹಾರ್ನಿಗೆ. ಮಕ್ಕಳು ಕಿವಿ ಮುಚ್ಚಿಕೊಂಡರು. ಮೈಕ್ ಸೆಟ್ಟಿನ ಕಿಟ್ಟಣ್ಣ ಸದ್ದು ತಗ್ಗಿಸಿದ. ಆಗ ಕಿರುಚು ನಿಂತಿತು, ಗಿಟಾರೂ ನಿಂತಿತು. ನನ್ನ ಬೆವರು ಉಕ್ಕಿನ ಮೇಲೆ ಬೀಳುತ್ತಿತ್ತು. ಗಂಟೆ ಹನ್ನೊಂದೂವರೆ ದಾಟಿತ್ತು.

ಹಾರ್ನಿನ ಬಾಯಿ ಮೈಕನ್ನು ನೋಡದಿದ್ದರೆ ಆಯಿತಲ್ಲ ಎಂದು ಹೊಳೆದದ್ದು ಆಗ. "ಕಿಟ್ಟಣ್ಣಾ, ಹಾರ್ನ್ ಆಚೆ ತಿರುಗಿಸಿ, ಗುಡ್ಡದ ಕಡೆಗೆ" ಎಂದೆ.

ಕಿಟ್ಟಣ್ಣ ಹಲಸಿನ ಮರ ಹತ್ತುತ್ತಾ ಎಲ್ಲರಿಗೂ ಕೇಳಿಸುವ ಹಾಗೆ, "ಎಂತ ಕಥೆ ಇದು! ಮದುವೆ ಇಲ್ಲಿ, ಹಾರ್ನ್ ಅಲ್ಲಿ. ಗುಡ್ಡದ ನರಿಗಳಿಗೆ ಊಟಕ್ಕೆ ಹೇಳಿಕೆ ಉಂಟಾ?" ಎಂದ. ಚಪ್ಪರವಿಡೀ ನಕ್ಕಿತು. ಲಿಗೋರಿ ಮಾಮ ಮಾತ್ರ ನಗಲಿಲ್ಲ. ಗುಡ್ಡದ ಕಡೆ ಒಮ್ಮೆ ನೋಡಿ, "ತಿರುಗಿಸು ಕಿಟ್ಟ. ಅಲ್ಲಿಯೂ ನಮ್ಮವರಿದ್ದಾರೆ" ಎಂದರು.

ನುಡಿಸಿದೆ, ಬಾಯ್. ಕಿರುಚು ಬರಲಿಲ್ಲ. ಚಪ್ಪರದವರಿಗೆ ಅರ್ಧಂಬರ್ಧ ಕೇಳಿಸುತ್ತಿತ್ತು, ಅವರು ತಮ್ಮ ಪಾಡಿಗೆ ಮಾತಾಡುತ್ತಿದ್ದರು. ನನಗೆ ಅದು ಬೇಕಾಗಿರಲಿಲ್ಲ. ದಪ್ಪ ತಂತಿ ಮೀಟಿದಾಗ ನಿನ್ನ ಹೆಬ್ಬೆರಳಿನ ಜಿರ್ರ್ ಹಾರ್ನಿನಿಂದ ಹೊರಟು, ಗದ್ದೆಯ ಮೇಲೆ ಹಾದು, ನಿಮ್ಮ ಬಿಳಿ ಗೋಡೆಗೆ ತಾಗಿ ತಿರುಗಿ ಬಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಟ್ಯೂನಿನ ನಡುವೆ ಪಪ್ಪಾ ಒಂದು ಉಸಿರು ನಿಲ್ಲಿಸುತ್ತಿದ್ದರಲ್ಲ, ಅಲ್ಲಿಯ ತನಕ ಬಂದಿದ್ದೆ.

ಆಗ ನಿಮ್ಮ ಮಠದಲ್ಲಿ ಮಧ್ಯಾಹ್ನದ ಆಂಜೆಲುಸ್ ಪ್ರಾರ್ಥನೆಯ ಗಂಟೆ ಹೊಡೆಯಿತು.

ಮಾಮ ಎದ್ದರು. ಮದುಮಕ್ಕಳು ಎದ್ದರು. ಎಲ್ಲರೂ ಎದ್ದು ಶಿಲುಬೆಯ ಗುರುತು ಹಾಕಿದರು. ಆ ಗಂಟೆಗೆ ಯಾವ ಮದುವೆಯೂ ನಿಲ್ಲಲೇಬೇಕು. ಹಗ್ಗ ನಿನ್ನ ಕೈಯಲ್ಲಿತ್ತು. ನೀನೇ ನನ್ನನ್ನು ನಡುವೆ ನಿಲ್ಲಿಸಿದೆ ಎಂದು ನನಗೆ ಒಂದು ಕ್ಷಣ ಅಳುವೇ ಬಂತು. ಗಿಟಾರನ್ನು ಎದೆಗೊತ್ತಿಕೊಂಡು ನಿಂತು, ಅಂಗೈಯಿಂದ ತಂತಿಗಳನ್ನು ಮುಚ್ಚಿದೆ.

ಆದರೆ ಮೈಕ್ ತೆರೆದೇ ಇತ್ತು. ನಿನ್ನ ಗಂಟೆ ಅದಕ್ಕೆ ಕೇಳಿಸಿತು. ಮೂರು, ಮತ್ತೆ ಮೂರು, ಮತ್ತೆ ಮೂರು, ನೀನು ಬಾರಿಸಿದ್ದೆಲ್ಲ ಹಲಸಿನ ಮರದ ಹಾರ್ನಿನಿಂದ ಹೊರಟು ಗುಡ್ಡ ಹತ್ತಿತು. ತಂತಿ ನನ್ನ ಕೈಯಡಿ ಸುಮ್ಮನಿತ್ತು, ಒಳಗೆ ತಟ್ಟೆ ನಡುಗುತ್ತಿತ್ತು. ಎದೆಗೆ ಗೊತ್ತಾಗುತ್ತಿತ್ತು. ಗುಣಪಾಲ ನನ್ನ ಕಡೆ ನೋಡಿದ. ಅವನ ಪಿಕಪ್ ಇದ್ದಿದ್ದರೆ ಅದಕ್ಕೆ ನಿನ್ನ ಗಂಟೆ ಕೇಳಿಸುತ್ತಲೇ ಇರಲಿಲ್ಲ ಎಂದು ಅವನಿಗೂ ಗೊತ್ತಾಯಿತು.

ಪ್ರಾರ್ಥನೆ ಮುಗಿದ ಕೂಡಲೇ ಊಟಕ್ಕೆ ಕರೆದರು. ಟ್ಯೂನಿನ ಉಳಿದರ್ಧ ಯಾರೂ ಕೇಳಲಿಲ್ಲ, ನಾನೂ ನುಡಿಸಲಿಲ್ಲ. ಜಿರ್ರ್ ನಿನಗೆ ಸಿಕ್ಕಿದ್ದರೆ ಉಳಿದದ್ದು ತಾನಾಗಿ ನೆನಪಿಗೆ ಬಂದೀತು. ಸಿಗಲಿಲ್ಲವಾದರೆ ಅದನ್ನೂ ಬರೆ. ಈಸ್ಟರ್ ದಾಟದೆ ನಿಮಗೆ ಉತ್ತರ ಬರೆಯಲು ಅನುಮತಿ ಇಲ್ಲ ಎಂದು ಗೊತ್ತುಂಟು, ಕಾಯುತ್ತೇನೆ.

ಇವತ್ತು ಎಲ್ಲರೂ ಉಡುಪಿಗೆ ಸಿನಿಮಾಕ್ಕೆ ಹೋಗಿದ್ದಾರೆ. ಗುಣಪಾಲ ಕರೆದ, ನಾನು ಹೋಗಲಿಲ್ಲ. ಕಾಪುವಿನಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನಾವು ಪಪ್ಪಾನಿಗೆ ಕೈಮುಗಿದು ಬೆಸಾಂವ್ ಕೇಳುತ್ತಿದ್ದೆವು, ಅವರು ತಲೆ ಮುಟ್ಟಿ ಆಶೀರ್ವದಿಸುತ್ತಿದ್ದರು. ಇಲ್ಲಿ ಸಂಜೆಯಾದರೆ ಕೇಳಲು ಯಾರೂ ಇಲ್ಲ. ಆದ್ದರಿಂದ ಇನ್ನು ಮೇಲೆ ನೀನು ಸಂಜೆಯ ಗಂಟೆಯ ಹಗ್ಗ ಹಿಡಿಯುವ ಹೊತ್ತಿಗೆ ನಾನು ಈ ಕಿಟಕಿಯಲ್ಲಿ ನಿಂತು ನಿನ್ನ ಬಜಗೋಳಿಯ ಕಡೆ ಮುಖ ಮಾಡಿ ಬೆಸಾಂವ್ ಕೇಳುತ್ತೇನೆ. ಇಷ್ಟು ದೂರಕ್ಕೆ ಗಂಟೆ ಕೇಳಿಸುವುದಿಲ್ಲ. ನೀನು ಬಾರಿಸುತ್ತಿ ಎಂದು ಗೊತ್ತಿದ್ದರೆ ಸಾಕು.

ಬೆಸಾಂವ್ ಕೊಡು, ಬಾಯ್. ದೇವರು ನಿನ್ನ ಅಂಗೈಯನ್ನು ಕಾಯಲಿ.

ನಿನ್ನ ತಮ್ಮ,
ಸ್ಟ್ಯಾನಿ