ಎರಡು ಪದ ಮತ್ತು ಎರಡು ಕಿವಿ

ಮಾನ್ಯ ಶಿಶು ಆರೋಗ್ಯ ನಿರ್ದೇಶಕರೇ,

ನಿಮ್ಮ ಇಲಾಖೆಯ ಹಸಿರು ಕಾರ್ಡು ಸರಿ ಎಂದಾದರೆ ನನ್ನ ಮೊಮ್ಮಗಳ ರಕ್ತ ತಪ್ಪು. ಎಂಟು ತಿಂಗಳ ಕೂಸಿನ ಮೈಯಲ್ಲಿ ಕಬ್ಬಿಣಾಂಶ ಸಾಲದು ಎಂದು ರಕ್ತಪರೀಕ್ಷೆಯ ಚೀಟಿ ಹೇಳುತ್ತದೆ. ‘ಎದೆಹಾಲು ಸಾಕು’ ಎಂದು ಕಾರ್ಡು ಹೇಳುತ್ತದೆ. ಎರಡರಲ್ಲಿ ಯಾವುದನ್ನು ನಂಬುವುದೆಂಬ ಪ್ರಶ್ನೆ ಬಂದಾಗ ನಿಮ್ಮ ಆರೋಗ್ಯ ಕೇಂದ್ರ ಕಾರ್ಡನ್ನು ನಂಬಿತು. ಕಾರ್ಡಿನ ಮೇಲೆ ನಿಮ್ಮ ಭಾವಚಿತ್ರವಿದೆ. ಚೀಟಿಯ ಮೇಲೆ ಯಾರದೂ ಇಲ್ಲ.

ಕೂಸು ಅಳುತ್ತಿರಲಿಲ್ಲ. ಅದನ್ನೇ ನಾವು ಸದ್ಗುಣವೆಂದು ತಿಳಿದಿದ್ದೆವು. “ಎಷ್ಟು ಸಾಧು ಮಗು, ನಮ್ಮನೇದು ಅತ್ತು ಅತ್ತು ಮನೆ ಮೇಲೆಕೆಳಗೆ ಮಾಡುತ್ತೆ” ಎಂದು ಪಕ್ಕದ ಮನೆಯವರು ಹೊಟ್ಟೆಕಿಚ್ಚು ಪಟ್ಟರು. ತುಟಿ ಬಿಳಿಚಿದ ಮೇಲೆ ಮಗಳು ಮಕ್ಕಳ ವೈದ್ಯೆಯ ಬಳಿಗೆ ಹೋದಳು. ಅಷ್ಟರೊಳಗೆ ನನ್ನ ಹೆಂಡತಿ ಮಗಳಿಗೆ ಕಟ್ಟುಗಟ್ಟಲೆ ಸೊಪ್ಪು ತಿನ್ನಿಸಿದ್ದಳು. ತಿಂದದ್ದರಿಂದ ಮಗಳ ಕೆನ್ನೆ ಕೆಂಪಾಯಿತು, ಕೂಸಿನದಲ್ಲ.

“ತಾಯಿ ಎಷ್ಟೇ ತಿಂದರೂ ಹಾಲಿಗೆ ಇಳಿಯೋ ಕಬ್ಬಿಣ ಸ್ವಲ್ಪಾನೇಮ್ಮ” ಎಂದರು ವೈದ್ಯೆ. “ಹುಟ್ಟುವಾಗ ಮಗು ಬುತ್ತಿ ಕಟ್ಕೊಂಡು ಬಂದಿರುತ್ತೆ. ಆರು ತಿಂಗಳ ಹೊತ್ತಿಗೆ ಅದು ಮುಗಿಯುತ್ತೆ. ಹಾಲು ಬಿಡಿಸ್ಬೇಡಿ. ನಾನು ಬರೆದಷ್ಟೇ ಕಬ್ಬಿಣದ ಹನಿ ಹಾಕಿ. ಬೇಳೆ, ಮೊಟ್ಟೆ, ಮಾಂಸ ನುಣ್ಣಗೆ ಮಾಡಿ ತಿನ್ಸಿ.”

ಹನಿ ಸಿಗುವುದು ನಿಮ್ಮ ಕೇಂದ್ರದ ಔಷಧದ ಕಿಟಕಿಯಲ್ಲಿ. ಮಗಳು, ಕೂಸಿನೊಂದಿಗೆ ನಾನು ಹೋದಾಗ ಕಿಟಕಿಯ ಹಿಂದಿದ್ದ ಕನ್ನಡಕದ ಹೆಂಗಸು ಕೇಳಿದರು:

“ಮಗು ಏನು ಕುಡಿಯುತ್ತೆ?”

“ಎದೆಹಾಲು.”

“ಹಾಗಾದ್ರೆ ಹನಿ ಇಲ್ಲ. ಇಲ್ಲೇ ಬರ್ದಿದೆ ನೋಡಿ, ಸಾಕು ಅಂತ.”

“ರಕ್ತದ ಚೀಟಿ ಇದೆಯಲ್ಲಮ್ಮ.”

“ಯಜಮಾನ್ರೇ, ಚೀಟಿ ನಿಮ್ದು, ಕಾರ್ಡು ಇಲಾಖೇದು. ಬೇಕೇ ಬೇಕಂದ್ರೆ ಹಾಲು ಬಿಡ್ಸಿ ಬನ್ನಿ. ‘ಇತರೆ’ ಅಂತ ಗುರುತು ಹಾಕಿ ತಕ್ಷಣ ಕೊಟ್ಬಿಡ್ತೀನಿ.”

ಹನಿ ಪಡೆಯಲು ಹಾಲು ಬಿಡಬೇಕು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಇಲ್ಲಿ ಮೂಗುತಿಗಾಗಿ ಮೂಗನ್ನೇ ಒತ್ತೆಯಿಡುವ ಏರ್ಪಾಟು. ಕೇಂದ್ರದ ಬೆಂಚಿನ ಮೇಲೆ ಮಗಳು ಕೇಳಿದಳು: “ಅಪ್ಪಾ, ನನ್ನ ಹಾಲೇ ಸರಿಯಿಲ್ವಾ? ಬಿಡಿಸ್ಬಿಡ್ಲಾ?”

ನಾನು ಕಾರ್ಡು ನೋಡುತ್ತ ಕೂತಿದ್ದೆ.

ಆ ಕಾರ್ಡು ಅಚ್ಚಾದದ್ದು ನಾನು ಕರಡು ತಿದ್ದುವ ಮುದ್ರಣಾಲಯದಲ್ಲಿ. ಮೊದಲ ಕರಡಿನಲ್ಲಿ ‘ಆರು ತಿಂಗಳವರೆಗೆ ಎದೆಹಾಲು ಸಾಕು, ನಂತರ ಜೊತೆಗೆ ಕಬ್ಬಿಣಾಂಶವಿರುವ ಆಹಾರವೂ ಬೇಕು’ ಎಂದಿತ್ತು. ಆಮೇಲೆ ನಿಮ್ಮ ಕಚೇರಿಯಿಂದ ಫೋನು ಬಂತು: “ಫೋಟೋದಲ್ಲಿ ಸಾಹೇಬ್ರ ಕಿವಿ ಕತ್ತರಿಸಿ ಹೋಗಿದೆ. ದೊಡ್ಡದು ಮಾಡಿ.” ಎರಡೂ ಕಿವಿ ಕಾಣುವಷ್ಟು ಭಾವಚಿತ್ರ ಹಿಗ್ಗಿತು, ಸಾಲು ಕುಗ್ಗಬೇಕಾಯಿತು. ಕಾಣುವ ಕಿವಿಗಳಿಗೆ ಕೇಳಿಸುತ್ತದೆಯೇ ಎಂಬುದನ್ನು ಈ ಪತ್ರ ಪರೀಕ್ಷಿಸಲಿದೆ. ಆದರೆ “ಎರಡು ಪದ ಉಳಿಸಿದರೂ ಸಾಕು, ಅರ್ಥ ಕೆಡೋದಿಲ್ಲ” ಎಂದು ಫೋನಿನಲ್ಲಿ ಹೇಳಿದವನು ನಾನೇ.

ಸಾಕು ಎಂದರೆ ಇನ್ನು ಬೇಡ. ಸಾಕು ಎಂದರೆ ಪೋಷಿಸು. ಇಲಾಖೆ ಮೊದಲನೆಯ ಅರ್ಥವನ್ನು ತಾನಿಟ್ಟುಕೊಂಡು ಎರಡನೆಯದನ್ನು ತಾಯಂದಿರಿಗೆ ಬಿಟ್ಟಿದೆ.

ಬೆಂಚಿನ ಮೇಲೆಯೇ ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಅಲ್ಲೇ ಕೂಸಿಗೆ ಹಾಲು ಕೊಟ್ಟಳು. ಹನಿಯನ್ನು ಹೊರಗಿನ ಅಂಗಡಿಯಲ್ಲಿ ಕೊಂಡೆವು. ಕೊಳ್ಳಲಾಗದವರು ಕೇಂದ್ರದ ಕಿಟಕಿಯ ಸಾಲಿನಲ್ಲಿ ನಮ್ಮ ಹಿಂದೆಯೇ ನಿಂತಿದ್ದರು, ಕೈಯಲ್ಲಿ ಹಸಿರು ಕಾರ್ಡು ಹಿಡಿದು.

ಹನಿ ಶುರುವಾದ ಮೂರನೆಯ ದಿನ ಕೂಸಿನ ಮಲ ಕಪ್ಪಾಯಿತು. ಹಾಗಾಗುವುದು ಸಹಜ ಎಂದು ವೈದ್ಯೆ ಮೊದಲೇ ಹೇಳಿದ್ದರು. ಆದರೂ ನನಗೆ ಅಚ್ಚಿನ ಶಾಯಿ ನೆನಪಾಯಿತು. ಎರಡು ತಿಂಗಳಾದವು. ಈಗ ಕೂಸು ಮನೆಯ ಸೂರು ಹಾರಿಹೋಗುವಂತೆ ಅಳುತ್ತದೆ. ನಿನ್ನೆ ಕಾರ್ಡು ಎಳೆದುಕೊಂಡು ನಿಮ್ಮ ಎಡಗಿವಿಯನ್ನು ಕಚ್ಚಿಹಾಕಿತು.

ನನ್ನ ಬೇಡಿಕೆ ಇಷ್ಟೇ. ಚೀಟಿ ತಂದ ಕೂಸಿಗೆ, ಅದು ಏನೇ ಕುಡಿಯುತ್ತಿರಲಿ, ಹನಿ ಕೊಡಿಸಿ. ಬಿಟ್ಟುಹೋದ ಪದಗಳನ್ನು ಅಚ್ಚು ಹಾಕಿಸಿ ಪ್ರತಿ ಕಾರ್ಡಿಗೂ ಅಂಟಿಸಿ. ಅಂಥ ಚೀಟಿಗೆ ನಮ್ಮ ಕಸುಬಿನಲ್ಲಿ ತಪ್ಪೊಪ್ಪು ಎನ್ನುತ್ತಾರೆ. ನನ್ನ ಪಾಲಿನ ತಪ್ಪೊಪ್ಪಿಗೆ ಮೇಲಿದೆ. ಅಂಟಿಸಲು ಜಾಗವಿಲ್ಲವೆಂದರೆ ನಿಮ್ಮ ಮುಖದ ಮೇಲೆ ಧಾರಾಳವಾಗಿದೆ.

ಇಂತಿ,
ಅರ್ಥ ಕೆಡೋದಿಲ್ಲ ಎಂದಿದ್ದ
ಕರಡು ತಿದ್ದುವವನು, ಒಂದು ಕೂಸಿನ ಅಜ್ಜ