ಹಿಂದೆ ಸರಿದರೆ ಪಾದ ಕಾಣುತ್ತದೆಯೇ

ಭಾನುವಾರ, ಮಧ್ಯಾಹ್ನ

ನನ್ನ ಚಿನಕುರುಳಿಗೆ,

ಅಮ್ಮ ಆರೋಗ್ಯವಾಗಿದ್ದಾಳೆ. ಇದನ್ನು ಮೊದಲೇ ಹೇಳದಿದ್ದರೆ ಇಷ್ಟುದ್ದದ ಪತ್ರ ಕಂಡು ಗಾಬರಿಯಾಗಿ ನೀನು ಕೊನೆಯ ಸಾಲಿಗೆ ಹಾರುತ್ತೀಯ. ಹಾರಬೇಡ.

ಪರೀಕ್ಷೆಯ ಯೋಚನೆ ಬಿಟ್ಟೆ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಈ ವಯಸ್ಸಲ್ಲಿ ಹುಡುಗರ ಮಧ್ಯೆ ಕೂತು ನಗೆಪಾಟಲಾಗ್ಬೇಡಮ್ಮ ಎಂದು ನೀನು ಹೇಳುತ್ತಿದ್ದಾಗ ಹಾಲ್ ಟಿಕೆಟ್ಟು ನನ್ನ ಇನ್ನೊಂದು ಕೈಯಲ್ಲಿತ್ತು. ನಿನ್ನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಭೌತಶಾಸ್ತ್ರದ ಆ ಒಂದು ಪತ್ರಿಕೆ ಪಾಸಾದರೆ ಎಕ್ಸ್-ರೇ ತಂತ್ರಜ್ಞರ ತರಗತಿಯಲ್ಲಿ ಸೀಟು. ನನ್ನ ವಯಸ್ಸಿನವರಿಗೆ ಇದೇ ಕೊನೆಯ ವರ್ಷ. ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ನನ್ನ ಕೆಲಸ ನಿನಗೆ ಗೊತ್ತಿದೆಯಲ್ಲ: ಹೆಸರು ಕೂಗುವುದು, ಕುತ್ತಿಗೆಯದು ಕಿವಿಯದು ತೆಗೆಸುವುದು, ಬಾಗಿಲು ಹಾಕಿ ಕೆಂಪು ದೀಪದ ಕೆಳಗೆ ಕೂರುವುದು. ಒಳಗಿನಿಂದ ‘ಉಸಿರು ಹಿಡೀರಿ’ ಎಂಬ ದನಿ ಬಂದಾಗಲೆಲ್ಲ ಹೊರಗೆ ಕೂತ ನಾನೂ ಹಿಡಿಯುತ್ತೇನೆ. ಬಿಡಿ ಎಂದು ಹೇಳುವುದು ಹೊರಗೆ ಕೇಳಿಸುವುದಿಲ್ಲ.

ಪರೀಕ್ಷೆಯ ಬಗ್ಗೆ ಹೇಳುವಂಥದ್ದೇನಿಲ್ಲ. ಬೆಂಚು ಗಿಡ್ಡ, ಮೊಣಕಾಲು ಹಿಡಿಸಲಿಲ್ಲ. ಹೇಳಬೇಕಾದದ್ದು ಆಮೇಲಿನದು.

ಹೊರಗೆ ಕಾಂಪೌಂಡಿನ ಮೋಟುಗೋಡೆಯ ಮೇಲೆ ಹುಡುಗ ಹುಡುಗಿಯರು ಸಾಲಾಗಿ ಕೂತು ಉತ್ತರ ತಾಳೆ ನೋಡುತ್ತಿದ್ದರು. ಯಾರೋ ಒಬ್ಬ ಪ್ರಶ್ನೆ ಓದುತ್ತಾನೆ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಹೆಚ್ಚು ಜನ ಕೂಗಿದ್ದೇ ಸರಿ. ಬೇರೆ ಬರೆದವರು ಒಂದು ಕ್ಷಣ ಚಪ್ಪಲಿ ನೋಡಿಕೊಂಡು, ಮುಂದಿನ ಪ್ರಶ್ನೆಗೆ ಇನ್ನೂ ಜೋರಾಗಿ ಕೂಗುತ್ತಾರೆ. ನಾನು ಸ್ವಲ್ಪ ಆಚೆ ನಿಂತು ಅಂಗೈಯಲ್ಲಿ ಬರೆದುಕೊಂಡ ನನ್ನ ಉತ್ತರಗಳನ್ನು ಹೋಲಿಸುತ್ತಿದ್ದೆ. ಉದ್ದ ಜಡೆಯ ಹುಡುಗಿಯೊಬ್ಬಳು ಸರಿದು ಜಾಗ ಕೊಟ್ಟು, “ಕೂತ್ಕೊಳ್ಳಿ ಆಂಟಿ, ನಿಮ್ಮ ಮಗ ಇನ್ನೂ ಹೊರಗೆ ಬಂದಿಲ್ವಾ?” ಎಂದಳು. ಅಂಗೈ ತೋರಿಸಿದೆ. ಅವಳು ಅದನ್ನು ಓದಿ, “ಅಯ್ಯೋ, ಏಳನೇದು ನಂದೂ ಇದೇ!” ಎಂದು ಕುಣಿದಳು. ಅಷ್ಟೇ, ನನ್ನನ್ನು ಯಾರೂ ಮತ್ತೆ ವಿಚಾರಿಸಲಿಲ್ಲ.

ಜಗಳ ಹತ್ತಿದ್ದು ಕನ್ನಡಿಯ ಪ್ರಶ್ನೆಗೆ. ಗೋಡೆಯಲ್ಲಿ ನೇರವಾಗಿ ನಿಂತ ಸಪಾಟು ಕನ್ನಡಿಯಲ್ಲಿ ಒಬ್ಬಳಿಗೆ ತನ್ನ ಮೊಣಕಾಲಿನವರೆಗೆ ಮಾತ್ರ ಕಾಣುತ್ತದೆ. ಹಿಂದೆ ಸರಿದರೆ ಪಾದವೂ ಕಾಣುತ್ತದೆಯೇ? ಕಾಣುತ್ತೆ ಎಂದು ಗೋಡೆಗೆ ಗೋಡೆಯೇ ಕೂಗಿತು. ದಪ್ಪ ಕನ್ನಡಕದ ಹುಡುಗನೊಬ್ಬ ಮಾತ್ರ, ಊರಾಚೆ ಹೋಗಿ ನಿಂತ್ರೂ ಅಷ್ಟೇ ಕಾಣೋದು ಎಂದ. “ಸೋಡಾಬುಡ್ಡಿ, ನಿಂಗೆ ಹತ್ರ ನಿಂತ್ರೂ ಕಾಣಲ್ಲ ಬಿಡೋ” ಎಂದು ನಕ್ಕರು. ನನಗೆ ಎಲ್ಲಿಂದ ಧೈರ್ಯ ಬಂತೋ. ದಿನಾ ಬೆಳಗ್ಗೆ ನೋಡ್ತೀನಪ್ಪ, ಹಾಸಿಗೆಯವರೆಗೂ ಹಿಂದೆ ಹೋದ್ರೆ ಚಪ್ಪಲಿ ಸಮೇತ ಕಾಣುತ್ತೆ ಎಂದೆ. ಇಡೀ ಪತ್ರಿಕೆಯಲ್ಲಿ ಯೋಚಿಸದೆ ಬರೆದದ್ದು ಅದೊಂದೇ.

ಎದುರಿಗೇ ದರ್ಜಿಯ ಅಂಗಡಿ. ಗೋಡೆಗೆ ಸ್ಕ್ರೂ ಹಾಕಿ ಬಿಗಿದ ಕನ್ನಡಿ, ನನಗೆ ಮೊಣಕಾಲಿನವರೆಗೆ. ಒಬ್ಬೊಬ್ಬರಾಗಿ ಹಿಂದೆ ಸರಿದೆವು. ಇಸ್ತ್ರಿ ಮೇಜು ದಾಟಿ, ಹೊಸ್ತಿಲು ದಾಟಿ, ರಸ್ತೆಗಿಳಿದೆ. ಸೈಕಲ್ಲಿನವನೊಬ್ಬ ಬೈದು ಹೋದ. ಕನ್ನಡಿಯಲ್ಲಿ ನಾನು ಚಿಕ್ಕವಳಾದೆ, ಕನ್ನಡಿಯೂ ಚಿಕ್ಕದಾಯಿತು, ಪಾದ ಬರಲಿಲ್ಲ.

“ಪ್ಯಾಂಟ್ ಹೊಲಿಸೋಕೆ ಬಂದ್ರಾ, ಪರೇಡ್ ಮಾಡೋಕಾ?” ಎಂದ ದರ್ಜಿ, ವಿಷಯ ತಿಳಿದ ಮೇಲೆ ಟೇಪನ್ನು ಕೊರಳಿಗೆ ಹಾಕಿಕೊಂಡು, “ಓಹೋ, ಅದಕ್ಕೇ ನನ್ನಂಗ್ಡೀಲಿ ಯಾರೂ ಪ್ಯಾಂಟು ಗಿಡ್ಡ ಅಂತ ತಕರಾರು ತೆಗ್ಯಲ್ಲ” ಎಂದು ಹೇಳಿದ.

ಎಲ್ಲರೂ ನಕ್ಕರು. ನಾನು ಲೆಕ್ಕ ಹಾಕುತ್ತಿದ್ದೆ. ಆ ಪ್ರಶ್ನೆಯನ್ನು ನೆಚ್ಚಿಕೊಂಡು ಪಾಸಿನ ಅಂಚಿನ ಈಚೆ ನಿಂತಿದ್ದವಳು ಈಗ ಅಂಚಿನ ಮೇಲಿದ್ದೆ. ಸೋಡಾಬುಡ್ಡಿ ಪಕ್ಕಕ್ಕೆ ಬಂದು, ಕೊನೆಯ ಲೆಕ್ಕದಲ್ಲಿ ನೀವು ಮಾಡಿದ್ದೇ ಸರಿ ಆಂಟಿ, ನಾನು ಮಣ್ಣು ತಿಂದೆ, ಯಾರಿಗೂ ಹೇಳ್ಬೇಡಿ ಎಂದ. ಅದು ನಿಜವೋ, ಸಮಾಧಾನವೋ, ಕೇಳಲು ಹೋಗಲಿಲ್ಲ.

ಮನೆಗೆ ಬಂದು ನಮ್ಮ ಕನ್ನಡಿಯ ಮುಂದೆ ನಿಂತೆ. ಮೊಣಕಾಲು. ಹಾಸಿಗೆಯವರೆಗೆ ಹಿಂದೆ ಸರಿದೆ. ಪಾದ! ನನಗೆ ನಿಜಕ್ಕೂ ಭಯವಾಯಿತು. ಬೀದಿಗೊಂದು ನಿಯಮ, ನಮ್ಮ ಮನೆಗೊಂದು ನಿಯಮವೇ? ಪಕ್ಕದಿಂದ ಕಣ್ಣು ಹಾಯಿಸಿದಾಗ ತಿಳಿಯಿತು. ಕನ್ನಡಿಯ ತಲೆ ಗೋಡೆಯಿಂದ ಮುಂದಕ್ಕೆ ಬಾಗಿದೆ. ಮೇಲಿನ ಚೌಕಟ್ಟಿನ ಹಿಂದೆ ಕೈಯಾಡಿಸಿದರೆ ಧೂಳಿನ ಜೊತೆ ಒಂದು ಬಟ್ಟೆಯ ಉಂಡೆ ಸಿಕ್ಕಿತು. ಬಿಡಿಸಿದೆ. ನಿನ್ನ ಹಸಿರು ಕಾಲುಚೀಲ, ನನ್ನ ಹೆಬ್ಬೆರಳೂ ಹಿಡಿಸದಷ್ಟು ಚಿಕ್ಕದು.

ಚಿಕ್ಕಂದಿನಲ್ಲಿ ‘ಕನ್ನಡಿಯೊಳಗೆ ನಾನಿಲ್ಲ’ ಎಂದು ನೀನು ರಚ್ಚೆ ಹಿಡಿಯುತ್ತಿದ್ದೆ. ನಿನ್ನ ಮುಖ ನಿನಗೆ ಕಾಣಲೆಂದು ನಾನೇ ಅದನ್ನು ಸುತ್ತಿ ಅಲ್ಲಿ ಸಿಕ್ಕಿಸಿದ್ದೆ. ನೀನು ಎತ್ತರವಾದೆ; ಉಂಡೆ ಉಳಿಯಿತು; ನಾನು ಮರೆತೆ. ಅಂದರೆ ನಾನು ಸುಳ್ಳು ಉತ್ತರ ಬರೆದವಳಲ್ಲ. ಬಾಗಿದ ಕನ್ನಡಿಯ ಉತ್ತರವನ್ನು ನೇರ ಕನ್ನಡಿಯ ಪ್ರಶ್ನೆಗೆ ಬರೆದೆ.

ನೀನು ಊರು ಬಿಟ್ಟಾಗ, ದೂರ ಹೋದಷ್ಟೂ ಮಗಳು ಇಡಿಯಾಗಿ ಕಾಣುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದನ್ನೂ ಇನ್ನೊಮ್ಮೆ ತಾಳೆ ನೋಡಬೇಕಾಗಿದೆ. ಬಿಡುವು ಮಾಡಿಕೊಂಡು ಬಾ. ಹತ್ತಿರ ಕೂರು. ಬಯ್ಯುವುದಿದ್ದರೆ ಎದುರಿಗೇ ಬೈ.

ಮುತ್ತುಗಳೊಂದಿಗೆ,
ನಿನ್ನ ನಗೆಪಾಟಲಾದ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಹಿಡಿದಿಟ್ಟದ್ದು. ಫಲಿತಾಂಶ ನಿನ್ನೆಯೇ ಬಂತು, ಪಾಸಾಗಿದ್ದೇನೆ. ಅಂದರೆ ಕೊನೆಯ ಲೆಕ್ಕ ಸರಿಯಿತ್ತು, ಆ ಹುಡುಗ ಸಮಾಧಾನಕ್ಕೆ ಹೇಳಿದ್ದಲ್ಲ. ಮುಂದಿನ ತಿಂಗಳಿಂದ ತರಗತಿ; ಕಲಿಯಲು ನಾನು ಕೆಂಪು ದೀಪದ ಬಾಗಿಲಿನ ಒಳಗಡೆ. ಕಲಿತ ಮೇಲೆ ಉಸಿರು ಬಿಡಿ ಎಂದು ಹೇಳುವುದೂ ನಾನೇ.

ಕನ್ನಡಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ ನೋಡಿದೆ. ಸರಿಯಾಗಿಯೇ ಇತ್ತು. ಇವತ್ತು ಬೆಳಗ್ಗೆ ಕಾಲುಚೀಲವನ್ನು ಮತ್ತೆ ಸುತ್ತಿ ಅಲ್ಲೇ ಸಿಕ್ಕಿಸಿದೆ. ಹೇಗೂ ಪರೀಕ್ಷೆ ಮುಗಿಯಿತಲ್ಲ.